ಧೂಳೆಲ್ಲವೂ ಒಂದೇ ಅಲ್ಲ



ಅಂಗಳ ಗುಡಿಸುವಾಗ ಧೂಳೆದ್ದರೆ ನಾವು ಸೆರಗನ್ನೋ ವಲ್ಲಿಯನ್ನೋ ಮೂಗಿಗೆ ಅಡ್ಡ ಹಿಡಿಯುತ್ತೇವೆ. ಒಲೆಯ ಹೊಗೆಯ ಮುಂದಾದರೋ ಮನೆಯ ತಾಯಂದಿರು ಗಂಟೆಗಟ್ಟಲೆ ಕುಳಿತಿರುತ್ತಾರೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣ್ಣಿಗೆ ಕಾಣುವ ಧೂಳೇ ಹೆಚ್ಚು ಕೆಡುಕಿನದೆಂಬ ಭಾವನೆ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲ. ಗಾಳಿಯಲ್ಲಿ ತೇಲುವ ಕಣವು ದೇಹಕ್ಕೆ ಮಾಡುವ ಹಾನಿಯನ್ನು ಅರಿಯಬೇಕಾದರೆ ಎರಡು ಪ್ರಶ್ನೆಗಳನ್ನು ಕೇಳಬೇಕು: ಅದು ಎಷ್ಟು ಸೂಕ್ಷ್ಮವಾದುದು? ಯಾವ ಮೂಲದಿಂದ ಬಂದುದು?

ಮಣ್ಣಿನ ದಪ್ಪ ಕಣಗಳು ಬಹುಪಾಲು ಮೂಗು, ಗಂಟಲುಗಳಲ್ಲಿಯೇ ಸಿಕ್ಕಿಕೊಂಡು ಸೀನು, ಕಫಗಳ ಮೂಲಕ ಹೊರಬೀಳುತ್ತವೆ. ಆದರೆ ಕಟ್ಟಿಗೆ, ಕಲ್ಲಿದ್ದಲು, ಡೀಸೆಲ್ ಮೊದಲಾದವು ಉರಿದಾಗ ಹುಟ್ಟುವ ಕಣಗಳು ಬಹುಮಟ್ಟಿಗೆ 2.5 ಮೈಕ್ರೋಮೀಟರಿಗಿಂತ ಚಿಕ್ಕವು. ತಲೆಗೂದಲಿನ ದಪ್ಪವನ್ನು ಸುಮಾರು 30 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಷ್ಟೂ ಇರುವುದಿಲ್ಲ. ಇವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರಬಲ್ಲವು. ಉಬ್ಬಸವಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವೂ ಇವುಗಳಿಂದ ಹೆಚ್ಚುತ್ತದೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ನಿರ್ಣಯಿಸಿತು.

ಹಾಗೆಂದು ಕಲ್ಲುಮಣ್ಣಿನ ಧೂಳೆಲ್ಲ ನಿರಪಾಯವೆನ್ನಲಾಗದು. ಬಂಡೆಯನ್ನು ಕೊರೆದಾಗ, ಒಡೆದಾಗ ಸಿಲಿಕಾದ ನುಣ್ಣನೆಯ ಕಣಗಳು ಏಳುತ್ತವೆ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದ ಅನೇಕರನ್ನು ಕಾಡಿದ ಸಿಲಿಕೋಸಿಸ್ ರೋಗಕ್ಕೆ ಇವೇ ಮೂಲ. ಗಣಿಯ ಬಾಗಿಲು 2001ರಲ್ಲಿ ಮುಚ್ಚಿತು. ಆದರೆ ಈ ರೋಗವು ಕೆಲಸ ಬಿಟ್ಟ ಮಾತ್ರಕ್ಕೆ ಬಿಡುವಂಥದಲ್ಲ. ಶ್ವಾಸಕೋಶ ಗಂಟುಗಟ್ಟಿ ಗಡುಸಾಗುತ್ತದೆ, ಕ್ಷಯ ತಗಲುವ ಸಂಭವವೂ ಹೆಚ್ಚುತ್ತದೆ.

ಮೂಲದ ಮಹತ್ವವನ್ನು ಸ್ಪಷ್ಟಪಡಿಸಿದ ಪ್ರಸಂಗವೊಂದು ಅಮೆರಿಕದ ಯೂಟಾ ಕಣಿವೆಯಲ್ಲಿ ನಡೆಯಿತು. ಅಲ್ಲಿಯ ಉಕ್ಕಿನ ಕಾರ್ಖಾನೆಯು ಕಾರ್ಮಿಕ ವಿವಾದದಿಂದಾಗಿ 1986ರ ಆಗಸ್ಟಿನಿಂದ 1987ರ ಸೆಪ್ಟೆಂಬರಿನವರೆಗೆ ಮುಚ್ಚಿತ್ತು. ಆರ್ಡನ್ ಪೋಪ್ ಎಂಬ ವಿದ್ವಾಂಸರು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿದರು. ಕಾರ್ಖಾನೆ ನಡೆಯುತ್ತಿದ್ದಾಗ, ಅದು ಮುಚ್ಚಿದ್ದ ಕಾಲಕ್ಕಿಂತ ಸುಮಾರು ಎರಡು ಪಟ್ಟು ಎಳೆಯ ಮಕ್ಕಳು ಶ್ವಾಸನಾಳದ ಉರಿಯೂತ, ಉಬ್ಬಸಗಳಿಂದ ಆಸ್ಪತ್ರೆ ಸೇರಿದ್ದರು. ಗಾಳಿಯ ಧೂಳು ಹಿಡಿದಿದ್ದ ಆ ವರ್ಷಗಳ ಶೋಧಕಗಳನ್ನು ಕಾದಿರಿಸಲಾಗಿತ್ತು. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವುಗಳ ಸಾರವನ್ನು ಸಮ ಪ್ರಮಾಣದಲ್ಲಿ ತೆಗೆದು, ಒಪ್ಪಿ ಮುಂದೆ ಬಂದವರ ಶ್ವಾಸಕೋಶದಲ್ಲಿ ಪರೀಕ್ಷಿಸಿದರು. ಕಾರ್ಖಾನೆ ನಡೆದ ವರ್ಷಗಳ ಧೂಳು ಹೆಚ್ಚು ಉರಿಯೂತವನ್ನುಂಟುಮಾಡಿತು. ಅದರಲ್ಲಿ ಲೋಹಾಂಶ ಹೆಚ್ಚಾಗಿತ್ತು. ಪ್ರಮಾಣ ಒಂದೇ, ಫಲ ಬೇರೆ.

ಇನ್ನು ನಮ್ಮ ಮನೆಗಳ ಮಾತು. ಅರ್ಧ ಶತಮಾನದ ಹಿಂದೆ ನಾವು ಮಠದಲ್ಲಿ ಓದುತ್ತಿದ್ದಾಗ ದಾಸೋಹದ ಅಡುಗೆಯನ್ನು ತಾಯಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ತಂದು ಒಟ್ಟುತ್ತಿದ್ದವರು ವಿದ್ಯಾರ್ಥಿಗಳಾದ ನಾವು; ಊದುಗೊಳವೆ ಹಿಡಿದು ಅದರ ಹೊಗೆ ಕುಡಿಯುತ್ತಿದ್ದವರು ಅವರು. ಬೀಡಿಯನ್ನು ಮುಟ್ಟಿದವರಲ್ಲ, ಆದರೂ ಸದಾ ಕೆಮ್ಮು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. 'ವಯಸ್ಸಾಯಿತು' ಎಂದು ನಾವೆಲ್ಲ ತಿಳಿದೆವು. ಆ ಏದುಸಿರಿನಲ್ಲಿಯೇ ಅವರು ಲಿಂಗೈಕ್ಯರಾದರು. ವರ್ಷಾನುಗಟ್ಟಲೆ ಕಟ್ಟಿಗೆಯ ಹೊಗೆ ಸೇವಿಸಿದ ಹೆಂಗಸರಿಗೆ, ಬೀಡಿ ಸೇದುವವರಿಗೆ ಬರುವಂಥ ಶ್ವಾಸಕೋಶದ ದೀರ್ಘವ್ಯಾಧಿಯೇ ಬರುತ್ತದೆಂದು ವೈದ್ಯರು ಹೇಳುವುದನ್ನು ಕೇಳಿದಾಗ ನಮಗೆ ಆ ಹಸಿ ಕಟ್ಟಿಗೆಯ ಹೊರೆ ನೆನಪಾಗುತ್ತದೆ. ಒಲೆಯ ಬಳಿ ಮಲಗಿದ ಕೂಸಿಗೆ ಅದೇ ಹೊಗೆಯಿಂದ ನ್ಯುಮೋನಿಯಾದ ಅಪಾಯವುಂಟು. 2020ರಲ್ಲಿ ಜಗತ್ತಿನಾದ್ಯಂತ ಮನೆಯೊಳಗಿನ ಹೊಗೆಗೆ ಬಲಿಯಾದವರು 32 ಲಕ್ಷ ಜನರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಗ್ಯಾಸ್ ಒಲೆ ಬಂದಿತು. ಆದರೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಉರಿಸುವ ಮನೆಗಳು ಹಲವು. ಅಂಥಲ್ಲಿ ಕಟ್ಟಿಗೆ ಚೆನ್ನಾಗಿ ಒಣಗಿರಲಿ. ಹೊಗೆ ಹೋಗಲು ಚಿಮಣಿ, ಕಿಟಕಿಗಳಿರಲಿ. ಕೂಸನ್ನು ಒಲೆಯಿಂದ ದೂರ ಮಲಗಿಸಿರಿ. ಸೆರಗು ದಪ್ಪ ಧೂಳನ್ನು ತಡೆದೀತು, ಹೊಗೆಯ ಕಣವನ್ನು ತಡೆಯದು. ಕಸವನ್ನು, ಅದರಲ್ಲಿಯೂ ಪ್ಲಾಸ್ಟಿಕ್ಕನ್ನು ಅಂಗಳದಲ್ಲಿ ಸುಡಬೇಡಿರಿ. ಕಲ್ಲು ಒಡೆಯುವಲ್ಲಿ ನೀರು ಹಾಯಿಸದೆ ಕೆಲಸ ನಡೆಸಕೂಡದು. ಪೂಜೆಯ ಕೋಣೆಯ ಊದುಬತ್ತಿ, ಧೂಪಗಳ ಹೊಗೆಯಲ್ಲಿಯೂ ಇಂಥ ಕಣಗಳುಂಟು. ಅಲ್ಲಿಯೂ ಕಿಟಕಿ ತೆರೆದಿರಲಿ.

ಕೊನೆಯದಾಗಿ ಮನೆಯ ಗಂಡಸರಲ್ಲಿ ಒಂದು ವಿನಂತಿ. ಈ ತಿಂಗಳು ಒಂದು ಹೊತ್ತಾದರೂ ಒಲೆಯ ಮುಂದೆ ನೀವೇ ಕುಳಿತು ಅಡುಗೆ ಮುಗಿಯುವವರೆಗೆ ಏಳದಿರಿ. ಗೋಡೆಯಲ್ಲಿ ಕಿಟಕಿಯನ್ನು ಎಲ್ಲಿ ತೆರೆಯಬೇಕೆಂಬುದನ್ನು ಬೇರೆ ಯಾರೂ ನಿಮಗೆ ಹೇಳಬೇಕಾಗುವುದಿಲ್ಲ.