ಪರಮಾಣುವಿನ ಚಿತ್ರ ಬರೆದರೆ ಸಾಕೇ?



ಪರಮಾಣುವಿನ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ನಡುವೆ ಕೆಂಪು, ನೀಲಿ ಗುಂಡುಗಳ ಗೊಂಚಲು. ಸುತ್ತ ಬಳೆಯಂಥ ಉಂಗುರಗಳು, ಅವುಗಳ ಮೇಲೆ ಚಿಕ್ಕ ಚುಕ್ಕಿಗಳು. ನಡುವಿನ ಗೊಂಚಲು ನ್ಯೂಕ್ಲಿಯಸ್; ಅದರಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳಿವೆ. ಸುತ್ತಲಿನ ಚುಕ್ಕಿಗಳು ಎಲೆಕ್ಟ್ರಾನ್‌ಗಳು. ಇಷ್ಟು ಬರೆದು ಭಾಗಗಳನ್ನು ಗುರುತಿಸಿದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಅಷ್ಟಕ್ಕೇ ಪರಮಾಣು ಅರ್ಥವಾಯಿತು ಎಂದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಆ ಚಿತ್ರದ ಮುಂದೆ ನಿಂತು ಒಂದು ಪ್ರಶ್ನೆ ಕೇಳಲೇಬೇಕು: 'ಇದು ಹೇಗೆ ಗೊತ್ತಾಯಿತು?'

ಚಿತ್ರ ಹೇಳದೆ ಬಿಟ್ಟದ್ದು

ಶಾಲೆಗಳಿಗೆ ಹೋದಾಗ ಮಕ್ಕಳು ಕೇಳುವುದುಂಟು: "ಸರ್, ಪ್ರೋಟಾನ್ ಕೆಂಪಗಿರುತ್ತದೆಯೇ?" ಇಲ್ಲ, ಅದಕ್ಕೆ ಬಣ್ಣವೇ ಇಲ್ಲ. ಭೂಪಟದಲ್ಲಿ ಒಂದೊಂದು ಜಿಲ್ಲೆಗೆ ಒಂದೊಂದು ಬಣ್ಣ ಬಳಿಯುವುದಿಲ್ಲವೇ? ಇದೂ ಹಾಗೆಯೇ, ಗುರುತಿಗಾಗಿ ಮಾತ್ರ.

ಅಳತೆಯನ್ನೂ ನೋಡೋಣ. ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್ಸನ್ನು ಒಂದು ರಾಗಿ ಕಾಳಿನಷ್ಟು ದೊಡ್ಡದು ಮಾಡಿ ಮೈದಾನದ ನಡುವೆ ಇಟ್ಟೆವು ಎನ್ನಿ. ಆಗ ಎಲೆಕ್ಟ್ರಾನ್ ಇರುವುದು ಹೆಚ್ಚುಕಡಿಮೆ 45 ಮೀಟರ್ ಆಚೆ! ನಡುವೆ ಬರೀ ಖಾಲಿ ಜಾಗ. ಇದನ್ನು ಪುಸ್ತಕದ ಪುಟದಲ್ಲಿ ಅಳತೆಗೆ ತಕ್ಕಂತೆ ಬರೆಯಲು ಸಾಧ್ಯವೇ? ಆದ್ದರಿಂದಲೇ ಹತ್ತಿರ ಹತ್ತಿರ ಬರೆದಿದ್ದಾರೆ.

ಇನ್ನು ಉಂಗುರಗಳು. 1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಎಲೆಕ್ಟ್ರಾನ್‌ಗಳು ಗೊತ್ತಾದ ಕಕ್ಷೆಗಳಲ್ಲಿ ಸುತ್ತುತ್ತವೆ ಎಂದರು. ಮುಂದೆ 1920ರ ದಶಕದಲ್ಲಿ ಈ ತಿಳಿವಳಿಕೆ ಬದಲಾಯಿತು. ಎಲೆಕ್ಟ್ರಾನ್ ಗಾಣದ ಎತ್ತಿನಂತೆ ಒಂದೇ ಜಾಡಿನಲ್ಲಿ ಸುತ್ತುವುದಿಲ್ಲ. ಅದು ಎಲ್ಲಿ ಸಿಗುವ ಸಂಭವ ಹೆಚ್ಚು, ಎಲ್ಲಿ ಕಡಿಮೆ ಎಂದಷ್ಟೇ ಹೇಳಬಹುದು.

ಹಾಗಾದರೆ ಚಿತ್ರ ಸುಳ್ಳೇ? ಸುಳ್ಳಲ್ಲ. ಅದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಒಂದು ಮಾದರಿ. ಅದನ್ನೇ ಪರಮಾಣುವಿನ ಫೋಟೋ ಎಂದು ತಿಳಿಯುವುದು ಮಾತ್ರ ತಪ್ಪು.

ಕಾಣದ್ದನ್ನು ಕಂಡ ಬಗೆ

1897ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದರು. ಕೇಸರಿಬಾತಿನಲ್ಲಿ ದ್ರಾಕ್ಷಿ ಹುದುಗಿರುವಂತೆ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ಹುದುಗಿವೆ ಎಂದು ಆಗ ಭಾವಿಸಿದ್ದರು. ಇದನ್ನು ಪರೀಕ್ಷಿಸುವುದು ಹೇಗೆ?

1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಮಾರ್ಗದರ್ಶನದಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಒಂದು ಪ್ರಯೋಗ ನಡೆಸಿದರು. ಮಾರ್ಸ್‌ಡನ್ ಆಗಿನ್ನೂ 20 ವರ್ಷದ ವಿದ್ಯಾರ್ಥಿ! ಚಿನ್ನದ ಬಹು ತೆಳುವಾದ ಹಾಳೆಯತ್ತ ಅವರು ಆಲ್ಫಾ ಕಣಗಳನ್ನು ಹಾಯಿಸಿದರು. ಕಣ ಬಂದು ಬಡಿದರೆ ಮಿಣುಕುವ ಒಂದು ತೆರೆಯನ್ನಿಟ್ಟು, ಕತ್ತಲೆಯಲ್ಲಿ ಕುಳಿತು, ಸೂಕ್ಷ್ಮದರ್ಶಕದಲ್ಲಿ ಮಿಣುಕುಗಳನ್ನು ಒಂದೊಂದಾಗಿ ಎಣಿಸಿದರು.

ಬಹುತೇಕ ಕಣಗಳು ಹಾಳೆಯನ್ನು ನೇರವಾಗಿ ದಾಟಿ ಹೋದವು. ಆದರೆ ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಹಿಂದಕ್ಕೆ ಪುಟಿಯಿತು. ಕೇಸರಿಬಾತಿಗೆ ಗೋಲಿ ಎಸೆದರೆ ಅದು ಹಿಂದಕ್ಕೆ ಪುಟಿಯುತ್ತದೆಯೇ? ಒಳಗೆ ಏನೋ ಭಾರವಾದದ್ದು, ಬಹಳ ಚಿಕ್ಕದು ಇರಲೇಬೇಕು. ಉಳಿದ ಜಾಗವೆಲ್ಲ ಹೆಚ್ಚುಕಡಿಮೆ ಖಾಲಿ. 1911ರಲ್ಲಿ ರುದರ್‌ಫೋರ್ಡ್ ಹೀಗೆ ಲೆಕ್ಕ ಹಾಕಿ ತೋರಿಸಿದ ಆ 'ಏನೋ' ನ್ಯೂಕ್ಲಿಯಸ್. ಅದನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಪುಟಿದ ಕಣಗಳೇ ಸಾಕ್ಷಿ ಹೇಳಿದವು. 1968ರ ಹೊತ್ತಿಗೆ ಅಮೆರಿಕದಲ್ಲಿ ಇದೇ ಉಪಾಯದಿಂದ, ಪ್ರೋಟಾನ್‌ನತ್ತ ಎಲೆಕ್ಟ್ರಾನ್‌ಗಳನ್ನು ಎಸೆದಾಗ, ಅದರೊಳಗೂ ಚಿಕ್ಕ ಕಣಗಳಿರುವ ಸುಳಿವು ಸಿಕ್ಕಿತು. ಅವನ್ನು ಈಗ ಕ್ವಾರ್ಕ್ ಎನ್ನುತ್ತೇವೆ.

ನಮ್ಮ ಕೋಲಾರದಲ್ಲಿ

ಇಂಥ ಸಾಕ್ಷಿಯ ಹುಡುಕಾಟ ನಮ್ಮ ರಾಜ್ಯದಲ್ಲೂ ನಡೆದಿದೆ. ನ್ಯೂಟ್ರಿನೊ ಎಂಬ ಕಣ ಇಡೀ ಭೂಮಿಯನ್ನೇ ತೂರಿ ಹೋಗಬಲ್ಲದು. ಅದನ್ನು ಹಿಡಿಯಲು ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ 2 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಅಷ್ಟು ಆಳವೇಕೆ? ಆಕಾಶದಿಂದ ಸುರಿಯುವ ಮ್ಯೂಯಾನ್ ಎಂಬ ಬೇರೆ ಕಣಗಳನ್ನು ಮೇಲಿನ ಬಂಡೆ ತಡೆಯಲಿ ಎಂದು. ಅಪರೂಪಕ್ಕೊಮ್ಮೆ ನ್ಯೂಟ್ರಿನೊ ಬಂಡೆಯಲ್ಲಿನ ನ್ಯೂಕ್ಲಿಯಸ್ಸಿಗೆ ತಾಗಿದರೆ ಅಲ್ಲಿಯೇ ಒಂದು ಮ್ಯೂಯಾನ್ ಹುಟ್ಟುತ್ತದೆ. 1965ರಲ್ಲಿ ಉಪಕರಣಗಳಲ್ಲಿ ಪಕ್ಕದಿಂದ ಬಂದ ಕಣಗಳ ಗುರುತು ಸಿಕ್ಕಿತು. ಆಕಾಶದ ಮ್ಯೂಯಾನ್ ಪಕ್ಕದ ಅಷ್ಟೆಲ್ಲ ಬಂಡೆಯನ್ನು ಕೊರೆದು ಬರಲಾರದು. ಹಾಗಾದರೆ ಇದು ನ್ಯೂಟ್ರಿನೊದ ಕೆಲಸವೇ! ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಇಂಥದೇ ಗುರುತು ಸಿಕ್ಕಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿ ಚಿನ್ನದ ಜೊತೆಗೆ ಜ್ಞಾನವನ್ನೂ ಅಗೆದರು ಎಂಬುದನ್ನು ನಾವು ಮರೆಯಬಾರದು.

ಈಗಲೇ ಕೇಳಬೇಕು

"ಈಗ ಬಾಯಿಪಾಠ ಮಾಡಲಿ, ಪ್ರಶ್ನೆಗಳನ್ನು ಮುಂದೆ ಕಾಲೇಜಿನಲ್ಲಿ ಕೇಳಲಿ" ಎನ್ನುವವರಿದ್ದಾರೆ. ಪಾಠಗಳು ಬಹಳ, ಸಮಯ ಕಡಿಮೆ ಎಂಬ ಅವರ ಕಷ್ಟ ನಿಜವೇ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮಲ್ಲಿ ಎಲ್ಲರೂ ಮುಂದೆ ವಿಜ್ಞಾನವನ್ನೇ ಓದುವುದಿಲ್ಲ. ಆದರೆ ಎಲ್ಲರೂ ಔಷಧಿ ಕೊಳ್ಳುತ್ತೀರಿ, ಬೀಜ ಕೊಳ್ಳುತ್ತೀರಿ, ಜಾಹೀರಾತು ನೋಡುತ್ತೀರಿ. 'ವಿಜ್ಞಾನವೇ ಹೇಳಿದೆ' ಎಂದು ಯಾರೋ ಬಂದು ತಾಯಿತ ಮಾರಿದರೆ ಏನು ಮಾಡುತ್ತೀರಿ? 'ಹೇಗೆ ಗೊತ್ತಾಯಿತು? ಯಾರು ಪರೀಕ್ಷಿಸಿದರು?' ಎಂದು ಕೇಳಿ ಅಭ್ಯಾಸವಿದ್ದವರು ಸುಲಭವಾಗಿ ಮೋಸ ಹೋಗುವುದಿಲ್ಲ.

ಒಂದು ಆಟ ಆಡಿ. ಅಗಲವಾದ ರಟ್ಟಿನ ಕೆಳಗೆ ಗೆಳೆಯರು ಒಂದು ಮರದ ತುಂಡನ್ನು ಅಡಗಿಸಿಡಲಿ. ಸುತ್ತ ಗೋಲಿ ನುಸುಳುವಷ್ಟು ಸಂದಿ ಇರಲಿ. ನೀವು ಎಲ್ಲ ಕಡೆಯಿಂದ ಗೋಲಿ ಉರುಳಿಸಿ. ಯಾವುದು ನೇರವಾಗಿ ದಾಟಿತು, ಯಾವುದು ಪುಟಿಯಿತು ಎಂದು ಬರೆದುಕೊಳ್ಳಿ. ರಟ್ಟನ್ನು ಎತ್ತದೆ ತುಂಡಿನ ಆಕಾರವನ್ನು ಹೇಳಿ ನೋಡೋಣ!

ಆಮೇಲೆ ನಿಮ್ಮ ನೋಟ್ ಪುಸ್ತಕದ ಪರಮಾಣುವಿನ ಚಿತ್ರದ ಕೆಳಗೆ ಒಂದು ಸಾಲು ಸೇರಿಸಿ: 'ಇದು ಮಾದರಿ ಮಾತ್ರ, ಅಳತೆಗೆ ತಕ್ಕ ಚಿತ್ರವಲ್ಲ.' ಆ ಸಾಲಿಗೆ ಅಂಕ ಸಿಗದಿದ್ದರೂ ಚಿಂತೆಯಿಲ್ಲ, ಬರೆಯಿರಿ.