ಒಪ್ಪಿಸಿದ ಬಂದೂಕಿನ ಲೆಕ್ಕ ಕೊಡುವವರು ಯಾರು?

ಸಮಾಜದಲ್ಲಿ ಬಂದೂಕುಗಳು ಕಡಿಮೆಯಾಗಬೇಕು ಎಂಬ ಮಾತಿಗೆ ನಮ್ಮ ವಿರೋಧವಿಲ್ಲ. ಬಂದೂಕಿನ ಭರವಸೆಯಲ್ಲಿ ಬದುಕುವ ಊರು ನೆಮ್ಮದಿಯ ಊರಾಗಲಾರದು. ನಮ್ಮ ತಕರಾರು ಬೇರೆ. ಸರಕಾರ ಯಾರ ಕೈಯಿಂದ ಬಂದೂಕು ಪಡೆಯುತ್ತದೆ? ಅದಕ್ಕೆ ಯಾವ ಬೆಲೆ ಕೊಡುತ್ತದೆ? ಪಡೆದ ಮೇಲೆ ಅದರ ಲೆಕ್ಕವನ್ನು ಜನರ ಮುಂದೆ ಇಡುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ‘ಶಸ್ತ್ರ ತ್ಯಾಗ’ದ ಸಮಾರಂಭಗಳನ್ನು ಕಂಡು ಚಪ್ಪಾಳೆ ತಟ್ಟಲು ನಾವು ಸಿದ್ಧರಿಲ್ಲ.

ಮೊದಲಿಗೆ ಕಾನೂನನ್ನು ಪಾಲಿಸುವವರ ವಿಷಯ. 2019ರ ಡಿಸೆಂಬರ್‌ನಲ್ಲಿ ಸಂಸತ್ತು 1959ರ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದಿತು. ಅಲ್ಲಿಯವರೆಗೆ ಒಬ್ಬ ಪರವಾನಗಿದಾರ ಮೂರು ಬಂದೂಕುಗಳನ್ನು ಇಟ್ಟುಕೊಳ್ಳಬಹುದಿತ್ತು. ತಿದ್ದುಪಡಿಯ ಬಳಿಕ ಎರಡು ಮಾತ್ರ. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಹಿರಿಯರಿಂದ ಬಂದದ್ದಾದರೂ ಮಿತಿ ಎರಡೇ. ಒಪ್ಪಿಸಿದವರಿಗೆ ಸರಕಾರದಿಂದ ಪರಿಹಾರ ನೀಡುವ ಮಾತು ಆ ತಿದ್ದುಪಡಿಯಲ್ಲಿ ಇರಲಿಲ್ಲ.

ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ಸೈನ್ಯಕ್ಕಾಗಿಯೇ ಹುಟ್ಟಿದ್ದು. ಹಲಸೂರಿನ ಕೆರೆಯ ಬದಿಯಲ್ಲಿ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇಂದಿಗೂ ಇದೆ. ಇಂಥ ಕಡೆ ನಿವೃತ್ತ ಯೋಧರ ಮನೆಗಳಲ್ಲಿ ತಾತನ ಕಾಲದ ತೋಟಾ ಬಂದೂಕು ಇದ್ದರೆ ಅಚ್ಚರಿಯಿಲ್ಲ. ‘ಮೂರು ಬಂದೂಕು ಇಟ್ಟುಕೊಂಡವರು ಸ್ಥಿತಿವಂತರು, ಅವರ ಮೇಲೇಕೆ ಕನಿಕರ?’ ಎಂದು ಕೇಳಬಹುದು. ಕನಿಕರದ ಪ್ರಶ್ನೆ ಇದಲ್ಲ. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಿ, ವಿಚಾರಣೆ ಎದುರಿಸಿ, ಪರವಾನಗಿ ಪಡೆದವನ ವಿಳಾಸ ಸರಕಾರದ ಕಡತದಲ್ಲಿದೆ. ಅವನಿಂದ ಬಂದೂಕು ಪಡೆಯುವುದು ಸುಲಭ. ಸುಲಭವಾದದ್ದನ್ನು ಮಾಡಿ ಮುಗಿಸಿ, ಕಷ್ಟವಾದದ್ದನ್ನು ಮಾಡಿದೆವೆಂದು ಹೇಳಿಕೊಳ್ಳುವುದು ಪ್ರಾಮಾಣಿಕತೆಯಲ್ಲ.

ಹಾಗಾದರೆ ಕಷ್ಟವಾದದ್ದು ಯಾವುದು? 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆಯ ವರದಿ ಹೇಳಿತು. ಎರಡು ವರ್ಷಗಳ ಕಾಲ ಆ ಪಿಸ್ತೂಲು ಈ ರಾಜ್ಯದ ಕಾನೂನಿನ ಕಣ್ಣು ತಪ್ಪಿಸಿಕೊಂಡಿತ್ತು. ಅದಕ್ಕೆ ಪರವಾನಗಿ ಇರಲಿಲ್ಲ; ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಠೇವಣಿ ಇಡಿ ಎಂದು ನೋಟೀಸು ಕಳಿಸಲು ವಿಳಾಸವೂ ಇರಲಿಲ್ಲ. ಹಂದಿ, ಮಂಗಗಳಿಂದ ತೋಟ ಕಾಯುವ ರೈತ ಮಾತ್ರ ಪ್ರತಿ ಚುನಾವಣೆಗೂ ಕೋವಿ ಹೊತ್ತು ಠಾಣೆಗೆ ನಡೆಯಬೇಕು.

ಇನ್ನು ಶರಣಾಗತಿಯ ವಿಷಯ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಆರು ಮಂದಿ ನಕ್ಸಲರು ಶರಣಾದರು. ರಾಜ್ಯದ ನೀತಿಯಂತೆ ಗರಿಷ್ಠ 7.5 ಲಕ್ಷ ರೂಪಾಯಿವರೆಗಿನ ಪುನರ್ವಸತಿ ನೆರವು ಪ್ರಕಟವಾಯಿತು. ಕೇಂದ್ರದ ಯೋಜನೆಯಲ್ಲಂತೂ ತಂದೊಪ್ಪಿಸುವ ಆಯುಧಕ್ಕೇ ಪ್ರತ್ಯೇಕ ಪ್ರೋತ್ಸಾಹಧನವಿದೆ. ಆದರೆ ಅಂದು ಬಂದವರು ಬರಿಗೈಯಲ್ಲಿ ಬಂದಿದ್ದರು. ‘ಬಂದೂಕು ಎಲ್ಲಿ?’ ಎಂದು ವಿರೋಧ ಪಕ್ಷ ಗದ್ದಲವೆಬ್ಬಿಸಿತು. ಕೆಲವೇ ದಿನಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಎಕೆ-56, .303 ರೈಫಲುಗಳು ಸಿಕ್ಕವೆಂದು ಪೊಲೀಸರು ತೋರಿಸಿದರು. ಗದ್ದಲ ಅಡಗಿತು.

ಬಂದೂಕು ಎಲ್ಲಿ ಎಂಬ ಪ್ರಶ್ನೆ ತಪ್ಪಲ್ಲ. ಆದರೆ ಅದು ಅಲ್ಲಿಗೇ ನಿಂತದ್ದು ತಪ್ಪು. ಎಕೆ-56 ಮಲೆನಾಡಿನ ಕುಲುಮೆಯಲ್ಲಿ ತಯಾರಾಗುವ ವಸ್ತುವಲ್ಲ. ಅದು ಯಾವ ದಾರಿಯಲ್ಲಿ ಬಂತು, ಯಾರು ಮಾರಿದರು ಎಂದು ಕೇಳಿದವರು ಎಷ್ಟು ಮಂದಿ? ಕಬ್ಬಿಣ ಕಂಡೊಡನೆ ಎಲ್ಲರಿಗೂ ಸಮಾಧಾನವಾಯಿತು.

2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಮುಖ್ಯವಾಹಿನಿಗೆ ಮರಳಿದಾಗ ಮಧ್ಯೆ ನಿಂತು ಮಾತು ಬೆಸೆದವರಲ್ಲಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ ಮತ್ತು ಗೌರಿ ಲಂಕೇಶ್ ಇದ್ದರು. ಅಲ್ಲಿ ಕೆಲಸ ಮಾಡಿದ್ದು ನಂಬಿಕೆ. ವಿಪರ್ಯಾಸವೆಂದರೆ, ಬಂದೂಕು ಬಿಟ್ಟು ಬನ್ನಿ ಎಂದು ಇತರರನ್ನು ಕರೆದ ಆ ಹೆಣ್ಣುಮಗಳನ್ನೇ ಬಂದೂಕು ಬಲಿ ತೆಗೆದುಕೊಂಡಿತು. ಅವರನ್ನು ಕೊಂದ ಪಿಸ್ತೂಲನ್ನು ಯಾವ ಸರಕಾರದ ಯಾವ ಬಹುಮಾನವೂ ಹೊರಗೆ ತರಲಿಲ್ಲ.

ಹೊರಗಿನ ದೇಶಗಳ ಪಾಠವೂ ಇದೇ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿ ಹುತಾತ್ಮರಾದರು. ಅಲ್ಲಿನ ಸರಕಾರ ಒಂದು ತಿಂಗಳೊಳಗೆ ಕಾನೂನು ಬದಲಿಸಿ, ಆ ವರ್ಷಾಂತ್ಯದೊಳಗೆ ಹಣ ಕೊಟ್ಟು 56 ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಪಡೆಯಿತು. ಆ ಬದ್ಧತೆಗೆ ನಾವು ತಲೆಬಾಗುತ್ತೇವೆ. ಆದರೆ ಅಂದು ಆ ದೇಶದಲ್ಲಿ ಎಲ್ಲ ಬಂದೂಕುಗಳ ನೋಂದಣಿ ಇರಲಿಲ್ಲ. ಆದ್ದರಿಂದ ಹೊರಗೆ ಉಳಿದವೆಷ್ಟು ಎಂದು ಯಾರಿಗೂ ಹೇಳಲಾಗಲಿಲ್ಲ. ನೋಂದಣಿ ಆರಂಭವಾದದ್ದು 2023ರಲ್ಲಿ. ಹಂತಕನ ಬಳಿ ಪರವಾನಗಿ ಇತ್ತು. ಅದನ್ನು ಕೊಡುವಾಗ ಪೊಲೀಸರು ಸರಿಯಾಗಿ ಪರಿಶೀಲಿಸಲಿಲ್ಲ ಎಂದು ಅಲ್ಲಿನ ರಾಯಲ್ ಆಯೋಗವೇ ಹೇಳಿತು. ಅಂದರೆ ಸೋತದ್ದು ಬಂದೂಕು ವಾಪಸು ಪಡೆಯುವ ಕಿಟಕಿಯಲ್ಲಲ್ಲ, ಪರವಾನಗಿ ಕೊಡುವ ಕಿಟಕಿಯಲ್ಲಿ. ಅಮೆರಿಕದ ಯುಟಿಕಾದಲ್ಲಿ 2022ರಲ್ಲಿ ಒಬ್ಬ 3ಡಿ ಮುದ್ರಣಯಂತ್ರದಲ್ಲಿ ಬಂದೂಕಿನ ಭಾಗಗಳನ್ನು ತಯಾರಿಸಿ ತಂದು, 21 ಸಾವಿರ ಡಾಲರ್ ಮೊತ್ತದ ಉಡುಗೊರೆ ಕಾರ್ಡುಗಳನ್ನು ಪಡೆದು ಹೋದ! ಲೆಕ್ಕವಿಲ್ಲದೆ ಬೆಲೆ ಕಟ್ಟಿದರೆ ಹೀಗೂ ಆಗುತ್ತದೆ.

‘ಅಮಾನತು’ ಎಂಬ ಮಾತು ನಮ್ಮ ಕಚೇರಿಗಳಲ್ಲಿ ನೌಕರನನ್ನು ಮನೆಗೆ ಕಳಿಸುವ ಆದೇಶಕ್ಕೆ ಹೆಸರಾಗಿದೆ. ನಮ್ಮ ಮನೆಗಳಲ್ಲಿ ಅದರ ಅರ್ಥ ಬೇರೆ: ನಂಬಿ ಕೈಗೊಪ್ಪಿಸಿದ ವಸ್ತು. ಅದನ್ನು ಪಡೆದವನು ಲೆಕ್ಕ ಹೇಳಲೇಬೇಕು. ಠಾಣೆಯ ಕೋಣೆಗೆ ಹೋದ ಬಂದೂಕು ತುಕ್ಕು ಹಿಡಿಯಿತೇ, ಹರಾಜಾಯಿತೇ, ನಾಶವಾಯಿತೇ? ಠಾಣೆವಾರು ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸಲಿ. ಕಾನೂನು ಬದಲಿಸಿ ಕಿತ್ತುಕೊಂಡದ್ದಕ್ಕೆ ನ್ಯಾಯವಾದ ಬೆಲೆ ಕೊಡಲಿ. ವಶಪಡಿಸಿಕೊಂಡ ಪ್ರತಿಯೊಂದು ನಾಡ ಪಿಸ್ತೂಲಿನ ಮೂಲವನ್ನು ಹುಡುಕಿ ದೋಷಾರೋಪ ಪಟ್ಟಿಯಲ್ಲಿ ಬರೆಯಲಿ.

ಕೊನೆಯ ಬೇಡಿಕೆಯಲ್ಲಿ ನಮ್ಮ ಸ್ವಾರ್ಥವೂ ಇದೆ. ಶಿವಾಜಿನಗರದಲ್ಲೋ ಕೆ.ಆರ್. ಪುರದಲ್ಲೋ ಒಬ್ಬ ಹುಡುಗನ ಜೇಬಿನಲ್ಲಿ ಪಿಸ್ತೂಲು ಸಿಕ್ಕರೆ ಸಂಜೆಯೊಳಗೆ ಅವನ ಹೆಸರು, ಅವನ ಮೊಹಲ್ಲಾ, ಅವನ ಸಮುದಾಯ ಎಲ್ಲವೂ ಸುದ್ದಿಯಾಗುತ್ತವೆ. ಪಿಸ್ತೂಲು ತಯಾರಿಸಿದವನಿಗೆ ಹೆಸರೂ ಇರುವುದಿಲ್ಲ, ಊರೂ ಇರುವುದಿಲ್ಲ. ತಪ್ಪು ಮಾಡಿದ ಹುಡುಗನಿಗೆ ಶಿಕ್ಷೆಯಾಗಲಿ; ನಾವು ಅಡ್ಡ ಬರುವುದಿಲ್ಲ. ಆದರೆ ಅವನಿಗೆ ಅದನ್ನು ಮಾರಿದ ಕೈ ನಾಳೆ ಇನ್ನೊಬ್ಬ ಹುಡುಗನನ್ನು ಹುಡುಕಿಕೊಂಡು ಬರುತ್ತದೆ. ಆ ಕೈಯನ್ನು ಹಿಡಿಯದ ಸರಕಾರ ಎಷ್ಟು ಬಂದೂಕುಗಳನ್ನು ಮೇಜಿನ ಮೇಲೆ ಜೋಡಿಸಿ ಫೋಟೋ ತೆಗೆಸಿಕೊಂಡರೂ ನಮ್ಮ ಬೀದಿಗಳು ಸುರಕ್ಷಿತವಾಗುವುದಿಲ್ಲ.