ವ್ಯಾಪಾರ ಪ್ರವಾಸವೂ ಮನೆಯ ಲೆಕ್ಕವೂ

ಸುರಪುರ ತಾಲ್ಲೂಕಿನ ಬೋನಾಳ ಕೆರೆ ರಾಜ್ಯದ ಹೆಸರಾಂತ ಪಕ್ಷಿಧಾಮಗಳಲ್ಲೊಂದು. ಸುರಪುರ ಸಂಸ್ಥಾನದ ನಾಯಕ ಅರಸರ ಕಾಲದಲ್ಲಿ ನಿರ್ಮಾಣಗೊಂಡ ಈ ಕೆರೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಿಪ್ ಮೆಡೋಸ್ ಟೇಲರ್ ಅವರ ಆಡಳಿತದಲ್ಲಿ ಜೀರ್ಣೋದ್ಧಾರ ಕಂಡಿತು. ಚಳಿಗಾಲದಲ್ಲಿ ಇಲ್ಲಿಗೆ ವಲಸೆ ಬರುವ ಹಕ್ಕಿಗಳಲ್ಲಿ ಪಟ್ಟೆತಲೆ ಹೆಬ್ಬಾತೂ ಒಂದು. ಮಂಗೋಲಿಯಾ, ಟಿಬೆಟ್ ಮೊದಲಾದ ಪ್ರದೇಶಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುವಾಗ ಆ ವರ್ಷದ ಮರಿಗಳನ್ನು ಜೊತೆಯಲ್ಲಿಯೇ ಕರೆತರುತ್ತದೆ. ಚಳಿಗಾಲವೆಲ್ಲ ಆ ಕುಟುಂಬ ಒಟ್ಟಿಗೇ ಇರುತ್ತದೆ.

ಹಕ್ಕಿಗಳು ಬರುವ ತಿಂಗಳುಗಳೇ ಈ ಭಾಗದ ವ್ಯಾಪಾರದ ತಿಂಗಳುಗಳೂ ಹೌದು. ನವೆಂಬರಿನಿಂದ ಫೆಬ್ರುವರಿಯವರೆಗೆ ಹತ್ತಿ, ಭತ್ತ, ತೊಗರಿ ಒಂದರ ಹಿಂದೊಂದು ಮಾರುಕಟ್ಟೆಗೆ ಬರುತ್ತವೆ. ಅಡತಿ ಅಂಗಡಿಯವರು, ಜಿನ್ನಿಂಗ್ ಕಾರ್ಖಾನೆಯವರು, ದಾಲ್ ಮಿಲ್ಲಿನವರು ಹೈದರಾಬಾದು, ಸೊಲ್ಲಾಪುರ, ರಾಯಚೂರು, ಕಲಬುರಗಿ ಎಂದು ತಿರುಗುತ್ತಿರುವ ಕಾಲವದು. ಬೋನಾಳಕ್ಕೆ ಕರೆದೊಯ್ಯಬೇಕೆಂದು ಮಕ್ಕಳು ಕೇಳಿದರೆ, ಸುಗ್ಗಿ ಮುಗಿಯಲಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸುಗ್ಗಿ ಮುಗಿಯುವ ಹೊತ್ತಿಗೆ ಹಕ್ಕಿಗಳು ಮರಳಿರುತ್ತವೆ, ಮಕ್ಕಳಿಗೆ ಪರೀಕ್ಷೆ ಬಂದಿರುತ್ತದೆ. ಹೀಗೆಯೇ ಹತ್ತು ವರ್ಷ ಕಳೆದರೆ ಕೇಳುವ ಮಕ್ಕಳೇ ಮನೆಯಲ್ಲಿರುವುದಿಲ್ಲ.

ವ್ಯಾಪಾರಕ್ಕಾಗಿ ಊರು ಬಿಡುವುದು ವರ್ತಕನಿಗೆ ಅನಿವಾರ್ಯ. ಆದರೆ ಬಿಟ್ಟ ಪ್ರತಿಯೊಂದು ಸಲವೂ ಅನಿವಾರ್ಯವಾಗಿತ್ತೇ, ಹೋದ ಪ್ರಯಾಣದಿಂದ ಪಡೆಯಬೇಕಾದಷ್ಟನ್ನು ಪಡೆಯಲಾಯಿತೇ, ಅದರ ಬೆಲೆಯನ್ನು ಯಾರು ತೆತ್ತರು ಎಂಬ ಮೂರು ಪ್ರಶ್ನೆಗಳನ್ನು ವರ್ತಕ ಸಮುದಾಯವು ಗಂಭೀರವಾಗಿ ಕೇಳಿಕೊಳ್ಳಬೇಕಾಗಿದೆ.

ಪ್ರಯಾಣದ ನಿಜವಾದ ವೆಚ್ಚ

ದೊಡ್ಡ ಕಂಪನಿಯ ಅಧಿಕಾರಿ ಪ್ರವಾಸ ಹೋದರೆ ಕಚೇರಿಯ ಕೆಲಸ ನಿಲ್ಲುವುದಿಲ್ಲ. ಸಣ್ಣ ವರ್ತಕನ ಸ್ಥಿತಿ ಹಾಗಲ್ಲ. ಗಲ್ಲೆಯಲ್ಲಿ ಕೂರುವವನೂ ಅವನೇ, ಖರೀದಿಗೆ ಹೋಗುವವನೂ ಅವನೇ, ಬಾಕಿ ವಸೂಲಿಗೆ ಅಲೆಯುವವನೂ ಅವನೇ. ಅವನು ಊರು ಬಿಟ್ಟ ದಿನ ಅಂಗಡಿಯೂ ಅರ್ಧ ಮುಚ್ಚಿದಂತೆ, ಮನೆಯೂ ಅರ್ಧ ನಿಂತಂತೆ. ಆದರೂ ಪ್ರವಾಸದ ವೆಚ್ಚವೆಂದರೆ ಟಿಕೆಟ್ಟು, ಊಟ, ವಸತಿಗಳಷ್ಟೇ ಎಂದು ರೋಖಡ್ ಪುಸ್ತಕದಲ್ಲಿ ಬರೆಯಲಾಗುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. ಸುರಪುರದ ಒಬ್ಬ ವರ್ತಕ ಒಂದೂವರೆ ಲಕ್ಷ ರೂಪಾಯಿಯ ಸರಕಿಗಾಗಿ ಎರಡು ದಿನ ಹೈದರಾಬಾದಿಗೆ ಹೋಗುತ್ತಾನೆಂದು ಭಾವಿಸೋಣ. ಖುದ್ದಾಗಿ ಕೊಂಡುದರಿಂದ ಶೇಕಡಾ 3ರಷ್ಟು, ಅಂದರೆ 4,500 ರೂಪಾಯಿ ಉಳಿಯುತ್ತದೆ. ಪ್ರಯಾಣ, ಊಟ, ವಸತಿಗೆ 2,800 ರೂಪಾಯಿ. ಅವನಿಲ್ಲದ ಎರಡು ದಿನ ಅಂಗಡಿಯ ಲಾಭದಲ್ಲಿ ಆದ ಕೊರತೆ 2,000 ರೂಪಾಯಿ. ಒಟ್ಟು ವೆಚ್ಚ 4,800 ರೂಪಾಯಿ. ಅಗ್ಗವಾಗಿ ಕೊಂಡೆನೆಂಬ ಸಮಾಧಾನದಲ್ಲಿ ಮರಳಿದವನು 300 ರೂಪಾಯಿ ಕಳೆದುಕೊಂಡೇ ಬಂದಿರುತ್ತಾನೆ. ಅದೇ ಪ್ರಯಾಣದಲ್ಲಿ ಇನ್ನೊಬ್ಬ ಸರಬರಾಜುದಾರನಿಂದ ಒಂದು ಲಕ್ಷ ರೂಪಾಯಿಯ ಸರಕನ್ನು ಅಷ್ಟೇ ಲಾಭಕ್ಕೆ ಕೊಂಡು, ಹಳೆಯ ಬಾಕಿಯೊಂದನ್ನೂ ತೀರಿಸಿಕೊಂಡು ಬಂದರೆ 2,700 ರೂಪಾಯಿ ಉಳಿಯುತ್ತದೆ. ಮಿಗಿಲಾಗಿ, ಬಾಕಿಗಾಗಿ ಇನ್ನೊಮ್ಮೆ ಹೋಗುವುದು ತಪ್ಪುತ್ತದೆ. ಪ್ರಯಾಣ ಒಂದೇ, ಫಲ ಬೇರೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊರರಾಜ್ಯದ ವಸತಿಗೃಹದಲ್ಲಿ ತಂಗಿದಾಗ ತೆರುವ ಜಿಎಸ್‌ಟಿ ಆ ರಾಜ್ಯದ ಲೆಕ್ಕಕ್ಕೆ ಸೇರುತ್ತದೆ. ಕರ್ನಾಟಕದಲ್ಲಿ ಮಾತ್ರ ನೋಂದಣಿ ಹೊಂದಿದ ವರ್ತಕನಿಗೆ ಅದರ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹೈದರಾಬಾದಿನ ಒಂದು ರಾತ್ರಿಯ ಬಿಲ್ಲಿನಲ್ಲಿರುವ ತೆರಿಗೆಯೂ ಪೂರ್ಣ ವೆಚ್ಚವೆಂದೇ ತಿಳಿಯಬೇಕು.

ಇವೆಲ್ಲವುಗಳ ಮೇಲೆ ಪುಸ್ತಕಕ್ಕೆ ಏರದ ಒಂದು ವೆಚ್ಚವಿದೆ. ವೃದ್ಧ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ತಪ್ಪುವುದು, ಶಾಲೆಯಲ್ಲಿ ಪಾಲಕರ ಸಭೆಗೆ ಯಾರೂ ಹೋಗದಿರುವುದು, ಜಾತ್ರೆಯ ದಿನವೂ ಮನೆಯ ಯಜಮಾನ ರೈಲಿನಲ್ಲಿರುವುದು, ಇವೆಲ್ಲ ಮನೆಯವರ ಖಾತೆಗೆ ಖರ್ಚು ಬೀಳುತ್ತವೆ. ಆ ಖಾತೆಯನ್ನು ಯಾರೂ ತಾಳೆ ನೋಡುವುದಿಲ್ಲ.

ಯಾವ ಪ್ರಯಾಣ ಬೇಕು, ಯಾವುದು ಬೇಡ

ಹಿಂದೆ ವರ್ತಕನ ಅಲೆದಾಟಕ್ಕೆ ಕಾರಣಗಳು ಹಲವಾಗಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಜಿಲ್ಲಾ ಕಚೇರಿಯ ಕೆಲಸವೆಂದರೆ ಗುಲ್ಬರ್ಗಕ್ಕೇ ಹೋಗಬೇಕಾಗಿತ್ತು. ಕೇಂದ್ರ ಮಾರಾಟ ತೆರಿಗೆಯ ಕಾಲದಲ್ಲಿ ಹೊರರಾಜ್ಯದ ಖರೀದಿದಾರರಿಂದ 'ಸಿ' ನಮೂನೆ ಪಡೆಯುವುದಕ್ಕೇ ಪ್ರತ್ಯೇಕ ಪ್ರಯಾಣಗಳಾಗುತ್ತಿದ್ದವು. ಹಣವನ್ನು ಸೊಂಟದಲ್ಲಿ ಕಟ್ಟಿಕೊಂಡು ರಾತ್ರಿಯ ರೈಲು ಹತ್ತಿದವನು ಸುರಕ್ಷಿತವಾಗಿ ತಲುಪಿದನೆಂಬ ಸುದ್ದಿ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ರೆಯಿರುತ್ತಿರಲಿಲ್ಲ.

ಈ ಕಾರಣಗಳು ಬಹುಮಟ್ಟಿಗೆ ಇಲ್ಲವಾಗಿವೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ತೆರಿಗೆಯ ಹೆಚ್ಚಿನ ಕೆಲಸ ಗಣಕಯಂತ್ರದ ಮುಂದೆಯೇ ಮುಗಿಯುತ್ತದೆ. ನೆಫ್ಟ್ ವರ್ಗಾವಣೆ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ ಎಲ್ಲ ಗಂಟೆಗಳಲ್ಲಿಯೂ ಲಭ್ಯವಿವೆ. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಮೇಲೆ ಬೇರೆ ಊರಿನ ಮಾರುಕಟ್ಟೆಯಲ್ಲಿ ಆನ್‌ಲೈನ್ ಮೂಲಕ ದರ ನಮೂದಿಸುವ ದಾರಿ ತೆರೆಯಿತು.

ಬಾಕಿ ವಸೂಲಿಯ ವಿಷಯದಲ್ಲಿಯೂ ಸಣ್ಣ ತಯಾರಕರಿಗೆ ಕಾನೂನಿನ ನೆರವಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಸರಕು ಪಡೆದವರು, ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ತಪ್ಪಿದರೆ ಚಕ್ರಬಡ್ಡಿ ತೆರಬೇಕು. 2017ರಲ್ಲಿ ಆರಂಭವಾದ 'ಸಮಾಧಾನ್' ಜಾಲತಾಣದಲ್ಲಿ ಊರಿನಿಂದಲೇ ದೂರು ದಾಖಲಿಸಬಹುದು. ಉದ್ಯಮ್ ನೋಂದಣಿ ಪಡೆದ ಕೇವಲ ವರ್ತಕರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಅವರಿಗೆ ಆದ್ಯತಾ ವಲಯದ ಬ್ಯಾಂಕ್ ಸಾಲದ ಸೌಲಭ್ಯ ಮಾತ್ರ ಇದೆ. ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು.

ಹಾಗೆಂದು ಪ್ರಯಾಣವೇ ಬೇಡವೆನ್ನುವುದು ಅವಿವೇಕ. ಹತ್ತಿಯ ಎಳೆಯನ್ನು ಬೆರಳಿನಲ್ಲಿ ಎಳೆದೇ ನೋಡಬೇಕು, ತೊಗರಿ ಬೇಳೆಯನ್ನು ಕಚ್ಚಿಯೇ ಪರೀಕ್ಷಿಸಬೇಕು ಎನ್ನುವ ಹಿರಿಯ ವರ್ತಕರ ಮಾತಿನಲ್ಲಿ ಸತ್ಯವಿದೆ. ಹೊಸ ಸರಬರಾಜುದಾರನೊಡನೆ ಮೊದಲ ವ್ಯವಹಾರ, ಯಂತ್ರೋಪಕರಣದ ಖರೀದಿ, ದೊಡ್ಡ ಪ್ರಮಾಣದ ಸರಕಿನ ಗುಣಮಟ್ಟ ಪರೀಕ್ಷೆ, ಹದಗೆಟ್ಟ ಸಂಬಂಧದ ದುರಸ್ತಿ ಈ ನಾಲ್ಕಕ್ಕೆ ಖುದ್ದಾಗಿ ಹೋಗುವುದೇ ಲೇಸು. ಗೊತ್ತಿದ್ದ ಸರಕನ್ನು ಗೊತ್ತಿದ್ದ ಅಂಗಡಿಯಿಂದ ತರಲು, ಒಂದು ಬೇರಿಂಗ್ ಅಥವಾ ಬೆಲ್ಟ್ ತರಲು ಹೋಗುವ ಪ್ರಯಾಣ ಬಹುತೇಕ ರೂಢಿಯಿಂದ ನಡೆಯುತ್ತಿರುವುದೇ ಹೊರತು ಅಗತ್ಯದಿಂದಲ್ಲ. ಸುಗ್ಗಿಗೆ ಮುನ್ನವೇ ಸವೆಯುವ ಬಿಡಿಭಾಗಗಳ ಪಟ್ಟಿ ಮಾಡಿ ಒಂದೊಂದು ಹೆಚ್ಚುವರಿಯಾಗಿ ಇಟ್ಟುಕೊಂಡ ಮಿಲ್ಲಿನವರು ನಡುರಾತ್ರಿ ಯಾದಗಿರಿ ರೈಲುನಿಲ್ದಾಣಕ್ಕೆ ಓಡಬೇಕಾಗಿಲ್ಲ.

ಒಂದು ಪ್ರಯಾಣ, ಹಲವು ಕೆಲಸ

ಹೋಗಲೇಬೇಕಾದ ಪ್ರಯಾಣವನ್ನು ಪೂರ್ಣವಾಗಿ ಬಳಸಿಕೊಳ್ಳುವುದು ಎರಡನೆಯ ಕರ್ತವ್ಯ. ಮೊದಲ ಭೇಟಿಯ ಸಮಯವನ್ನು ಫೋನಿನಲ್ಲಿ ಖಚಿತಪಡಿಸಿಕೊಳ್ಳದೆ ಹೊರಟು, ಮಾಲೀಕರು ಊರಲ್ಲಿಲ್ಲವೆಂಬ ಉತ್ತರ ಕೇಳಿ ಒಂದು ದಿನ ಕಾದು ಕೂತವರು ಕಡಿಮೆಯಿಲ್ಲ. ಕೊಳ್ಳುವುದು, ಕೊಡುವುದು, ವಸೂಲು ಮಾಡುವುದು, ಹೊಸದನ್ನು ನೋಡುವುದು ಎಂದು ನಾಲ್ಕು ಸಾಲುಗಳ ಚೀಟಿಯೊಂದನ್ನು ತಿಂಗಳಿಡೀ ಬರೆದಿಡುತ್ತ ಹೋದರೆ, ಸಾಲುಗಳು ತುಂಬಿದಾಗ ಪ್ರಯಾಣಕ್ಕೆ ಹೊರಡಬಹುದು. ಮರಳುವಾಗ ರೈಲಿನಲ್ಲಿಯೇ ದರ, ಹೆಸರು, ಮಾತುಕತೆಗಳನ್ನು ಬರೆದುಕೊಂಡರೆ ಮನೆ ಸೇರಿದ ಮೇಲೆ ಮತ್ತೆ ಎರಡು ದಿನ ಫೋನಿನಲ್ಲಿ ಮುಳುಗುವುದು ತಪ್ಪುತ್ತದೆ.

ಕೂಡಿ ಹೋಗುವುದು ಇನ್ನೊಂದು ಉಪಾಯ. ಐಹೊಳೆಯ ಹೆಸರನ್ನು ದೂರದೇಶಗಳವರೆಗೆ ಕೊಂಡೊಯ್ದ ಅಯ್ಯಾವೊಳೆ ಐನೂರ್ವರ ಸಂಘವು ಮಧ್ಯಯುಗದಲ್ಲಿ ಬಲಗೊಂಡದ್ದು ವರ್ತಕರು ಒಗ್ಗೂಡಿ ಸಂಚರಿಸಿದುದರಿಂದ. ಒಂದೇ ಪೇಟೆಯ ನಾಲ್ವರು ಕಿರಾಣಿ ವರ್ತಕರು ನಾಲ್ಕು ಬೇರೆ ಬೇರೆ ದಿನ ಒಂದೇ ಸಗಟು ಮಾರುಕಟ್ಟೆಗೆ ಹೋಗುವುದಕ್ಕಿಂತ, ಸರದಿಯ ಮೇಲೆ ಒಬ್ಬರು ಎಲ್ಲರ ಬೇಡಿಕೆಯ ಪಟ್ಟಿಯೊಡನೆ ಹೋಗಿಬರುವುದು ಲೇಸು. ಪ್ರಮಾಣ ಹೆಚ್ಚಾದಂತೆ ದರವೂ ಇಳಿಯುತ್ತದೆ, ಮೂವರು ಮನೆಯಲ್ಲಿ ಉಳಿಯುತ್ತಾರೆ. ಪೈಪೋಟಿಯ ಭಯದಿಂದ ಇದು ನಡೆಯದಿರುವುದು ವಿಷಾದದ ಸಂಗತಿ.

ವಸತಿಯ ಖರ್ಚು ಉಳಿಸಲು ದಿನವಿಡೀ ದುಡಿದು ರಾತ್ರಿ ತಾವೇ ಕಾರು ನಡೆಸಿಕೊಂಡು ಮರಳುವ ರೂಢಿಯನ್ನಂತೂ ಕೈಬಿಡಬೇಕು. ಒಂದು ರಾತ್ರಿಯ ಬಾಡಿಗೆ ಒಂದು ಕುಟುಂಬದ ಬದುಕಿಗಿಂತ ದೊಡ್ಡದಲ್ಲ.

ಮನೆಯವರ ಪಾಲು

ಪ್ರಯಾಣದ ದಿನಾಂಕ ಅಂಗಡಿಯಲ್ಲಿ ನಿಗದಿಯಾಗುತ್ತದೆ. ಮನೆಗೆ ಆ ಸುದ್ದಿ ಮುಟ್ಟುವುದು ಚೀಲ ತುಂಬುವಾಗ. ಈ ಕ್ರಮ ಬದಲಾಗಬೇಕು. ವರ್ಷಾರಂಭದಲ್ಲಿ ಒಂದೇ ಕ್ಯಾಲೆಂಡರಿನ ಮೇಲೆ ಸರಕಿನ ಸುಗ್ಗಿ, ತೆರಿಗೆಯ ಕೊನೆಯ ದಿನಗಳ ಜೊತೆಗೆ ಮಕ್ಕಳ ಪರೀಕ್ಷೆ, ಹಿರಿಯರ ವೈದ್ಯಕೀಯ ತಪಾಸಣೆ, ಮೈಲಾಪುರ, ತಿಂಥಣಿ ಜಾತ್ರೆಗಳನ್ನೂ ಗುರುತು ಹಾಕಬೇಕು. ತೊಗರಿಯ ಆವಕವೂ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಸಿದ್ಧತೆಯೂ ಒಟ್ಟಿಗೇ ಬರುತ್ತವೆಂಬುದು ಹೊಸ ಸುದ್ದಿಯಲ್ಲ. ಮೊದಲೇ ತಿಳಿದ ಇಕ್ಕಟ್ಟಿಗೆ ಮೊದಲೇ ದಾರಿ ಹುಡುಕಬಹುದು.

ಎರಡನೆಯದಾಗಿ, ವ್ಯವಹಾರವನ್ನು ಮನೆಯವರಿಗೆ ತಿಳಿಸಬೇಕು. ಉದ್ದರಿ ಪುಸ್ತಕದಲ್ಲಿ ಯಾರ ಹೆಸರಿದೆ, ಯಾರಿಗೆ ಎಷ್ಟು ಕೊಡಬೇಕು, ಸರಕು ಬಂದರೆ ಯಾವ ಬಿಲ್ಲಿನೊಡನೆ ತಾಳೆ ನೋಡಬೇಕು ಎಂಬುದು ಹೆಂಡತಿಗೋ ಬೆಳೆದ ಮಗ ಅಥವಾ ಮಗಳಿಗೋ ಗೊತ್ತಿರಬೇಕು. ಬ್ಯಾಂಕ್ ಖಾತೆಗೆ ಸಹಿ ಮಾಡುವ ಅಧಿಕಾರ ಇನ್ನೊಬ್ಬರಿಗೂ ಇರಬೇಕು. ಯಜಮಾನ ಎರಡು ದಿನ ಊರಲ್ಲಿಲ್ಲದಾಗ ನಡೆಯದ ಅಂಗಡಿ ಅವನು ಎರಡು ತಿಂಗಳು ಹಾಸಿಗೆ ಹಿಡಿದರೆ ಹೇಗೆ ನಡೆದೀತು? ಸಣ್ಣ ಪ್ರಯಾಣವು ಈ ದೊಡ್ಡ ಪ್ರಶ್ನೆಗೆ ಪರೀಕ್ಷೆಯಿದ್ದಂತೆ. ಅದರಲ್ಲಿ ತೇರ್ಗಡೆಯಾದ ಕುಟುಂಬದ ವ್ಯವಹಾರ ಒಬ್ಬನ ಆರೋಗ್ಯದ ಮೇಲೆ ನಿಂತಿರುವುದಿಲ್ಲ.

ಮೂರನೆಯದಾಗಿ, ವರ್ಷಕ್ಕೊಮ್ಮೆಯಾದರೂ ಮನೆಯವರನ್ನು ಜೊತೆಗೆ ಕರೆದೊಯ್ಯಬೇಕು. ಈ ನೆಲಕ್ಕೆ ಇದು ಹೊಸದಲ್ಲ. ಇಂದು ಈ ಭಾಗದ ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿ ಸಮುದಾಯದ ಪೂರ್ವಿಕರು ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಹೆಂಡತಿ ಮಕ್ಕಳೊಡನೆ ದಖ್ಖನಿನಲ್ಲಿ ಸಂಚರಿಸುತ್ತಿದ್ದರು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ರೈಲು, ಗಾಡಿರಸ್ತೆಗಳು ಹರಡಿದಂತೆ ಹೇರೆತ್ತಿನ ಸಾಗಾಟ ಕ್ಷೀಣಿಸಿತು. ವ್ಯಾಪಾರದ ಪ್ರಯಾಣ ಒಂಟಿ ಗಂಡಸಿನ ಕೆಲಸವೆಂಬ ಭಾವನೆ ಪ್ರಕೃತಿನಿಯಮವೇನಲ್ಲ. ತಂದೆಯೊಡನೆ ಒಮ್ಮೆ ಸಗಟು ಮಾರುಕಟ್ಟೆಯನ್ನು ಸುತ್ತಿದ ಮಗಳು ಸರಕಿನ ಬೆಲೆ ಹೇಗೆ ಕಟ್ಟಲ್ಪಡುತ್ತದೆಂಬುದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅರಿಯುತ್ತಾಳೆ. ಆದರೆ ಲೆಕ್ಕ ಬೇರೆಯಾಗಿರಲಿ. ವ್ಯವಹಾರಕ್ಕಾಗಿಯೇ ಮಾಡಿದ ವೆಚ್ಚವನ್ನು ಮಾತ್ರ ಆದಾಯ ತೆರಿಗೆಯಲ್ಲಿ ಕಳೆಯಬಹುದು. ಮನೆಯವರ ಟಿಕೆಟ್ಟು, ಊಟಗಳನ್ನು ಅಂಗಡಿಯ ಖಾತೆಗೆ ಸೇರಿಸುವುದು ಸರಿಯಲ್ಲ.

ಕಳೆದ ಕಾಲ ಮರಳದು

ದುಡಿಯುವುದೆಲ್ಲ ಮಕ್ಕಳಿಗಾಗಿಯೇ ಅಲ್ಲವೇ ಎಂದು ಕೇಳುವವರುಂಟು. ಪ್ರಶ್ನೆಯಲ್ಲಿ ಪ್ರಾಮಾಣಿಕತೆಯಿದೆ. ಬೋನಾಳ ಕೆರೆಯೊಡನೆ ಹೆಸರು ಬೆಸೆದುಕೊಂಡ ಟೇಲರ್ ಅವರ ಜೀವನ ಇಲ್ಲಿ ನೆನಪಾಗುತ್ತದೆ. 1824ರಲ್ಲಿ, ಹದಿನೈದರ ಹರೆಯದಲ್ಲಿ, ಮುಂಬಯಿಯ ವ್ಯಾಪಾರಿ ಸಂಸ್ಥೆಯೊಂದಕ್ಕೆ ಸೇರಲೆಂದು ಭಾರತಕ್ಕೆ ಬಂದ ಅವರು ಮುಂದೆ ನಿಜಾಮರ ಸೇವೆಗೆ ಸೇರಿ ಸುರಪುರಕ್ಕೆ ಬಂದರು. ಪತ್ನಿಯನ್ನು ಕಳೆದುಕೊಂಡ ಮೇಲೆಯೂ ಇಲ್ಲಿಯೇ ದುಡಿದರು. ಹೆಣ್ಣುಮಕ್ಕಳು ಕಡಲಾಚೆ, ಅವರಿಂದ ದೂರದಲ್ಲಿ ಬೆಳೆದರು. ಅವರ ಆತ್ಮಕಥೆಯನ್ನು ಅವರ ನಿಧನಾನಂತರ, 1877ರಲ್ಲಿ, ಮಗಳು ಸಂಪಾದಿಸಿ ಪ್ರಕಟಿಸಿದಳು. ಕಡಲಾಚೆಗೆ ಕಾಗದ ಮುಟ್ಟಲು ವಾರಗಟ್ಟಲೆ ಹಿಡಿಯುತ್ತಿದ್ದ ಆ ಕಾಲದಲ್ಲಿ ಅಂಥ ಅಗಲಿಕೆಗೆ ಪರ್ಯಾಯವಿರಲಿಲ್ಲ. ಹೈದರಾಬಾದಿನಿಂದ ಮರುದಿನವೇ ಮರಳಬಲ್ಲ ಇಂದಿನ ವರ್ತಕನಿಗೆ ಆ ನೆಪವಿಲ್ಲ.

ವಾಣಿಜ್ಯ ಸಂಸ್ಥೆಗಳೂ ತಮ್ಮ ಪಾಲಿನ ಕೆಲಸ ಮಾಡಬೇಕು. ಸುಗ್ಗಿಗೆ ಮುನ್ನ ಸಗಟು ಮಾರಾಟಗಾರರನ್ನೂ ಯಂತ್ರ ತಯಾರಕರನ್ನೂ ಸುರಪುರ, ಶಹಾಪುರಗಳಿಗೇ ಆಹ್ವಾನಿಸಿ ಒಂದು ದಿನದ ಭೇಟಿ ಏರ್ಪಡಿಸಿದರೆ ನೂರು ಜನ ಹೋಗುವ ಬದಲು ಹತ್ತು ಜನ ಬರುತ್ತಾರೆ. ಸಮೂಹ ಖರೀದಿಗೆ ಮಧ್ಯಸ್ಥಿಕೆ ವಹಿಸಿದರೆ ಪೈಪೋಟಿಯ ಸಂದೇಹವೂ ತಗ್ಗುತ್ತದೆ.

ಉಳಿದುದು ವರ್ತಕನ ನಿರ್ಧಾರಕ್ಕೆ ಸೇರಿದ್ದು. ಮಾತು ಕೊಟ್ಟ ದಿನದಂದು ಹುಂಡಿ ತೀರಿಸುವುದು ವ್ಯಾಪಾರದ ಮರ್ಯಾದೆ. ಮನೆಯವರಿಗೆ ಕೊಟ್ಟ ಮಾತಿಗೂ ಅದೇ ಮರ್ಯಾದೆ ಸಲ್ಲಬೇಕು. ಈ ಚಳಿಗಾಲದಲ್ಲಿ, ತೊಗರಿಯ ಆವಕದ ನಡುವೆಯೇ, ಒಂದು ಭಾನುವಾರದ ಬೆಳಗನ್ನು ಬೋನಾಳಕ್ಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನಕ್ಕೆ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದಿರುವುದರಿಂದ ಆರಂಭಿಸಬಹುದು.